ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬೇಕೋ, ಗುಜರಿಯದು ತಂದು ಏರಿಸಬೇಕೋ?

ಲಾರಿಯ ಗೇರ್‌ಬಾಕ್ಸ್ ಕೈಕೊಟ್ಟರೆ ಹುಬ್ಬಳ್ಳಿಯಲ್ಲಿ ಎರಡು ದಾರಿ. ಇದ್ದದ್ದನ್ನೇ ಬಿಚ್ಚಿ ಕಟ್ಟುವುದು, ಇಲ್ಲವೆ ಗುಜರಿ ಲಾರಿಯಿಂದ ತೆಗೆದ ಬಾಕ್ಸ್ ತಂದು ಏರಿಸುವುದು. ಐದು ಗೇರಿನ ಲಾರಿಗಳಲ್ಲಿ ಎರಡನ್ನೂ ಮಾಡಿ ನೋಡಿ ಹೇಳುವ ಮಾತಿದು: ಇಳಿಸಿ ಏರಿಸುವ ಕೆಲಸ ಎರಡಕ್ಕೂ ಒಂದೇ. ಫರಕು ಬರುವುದು ಬಾಕ್ಸ್ ನೆಲಕ್ಕಿಳಿದ ಮೇಲೆ.

ಅದಕ್ಕೂ ಮುಂಚೆ ಸದ್ದು ಕೇಳಿ. ನ್ಯೂಟ್ರಲ್‌ನಲ್ಲಿ ಬರುವ ಗುಂಯ್ ಸದ್ದು ಕ್ಲಚ್ ತುಳಿದರೆ ನಿಲ್ಲುತ್ತದೆಯೇ? ಹಾಗಾದರೆ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಬಾಕ್ಸಿನೊಳಗೆ ತಿರುವು ತರುವ ದಂಡ) ಅಥವಾ ಕೌಂಟರ್ ಶಾಫ್ಟ್ (ಅದರಿಂದ ತಿರುಗುವ ಜೊತೆ ದಂಡ) ಬೇರಿಂಗ್ ಹೋಗಿದೆ. ತುಳಿದಾಗಲೇ ಸದ್ದು ಶುರುವಾದರೆ ಬಹುತೇಕ ರಿಲೀಸ್ ಬೇರಿಂಗ್, ಅಂದರೆ ತುಳಿದಾಗ ಕ್ಲಚ್ ಒತ್ತಿ ಬಿಡಿಸುವ ಬೇರಿಂಗ್. ಬಾಕ್ಸ್ ಇಳಿಸಬೇಕು, ಬಿಚ್ಚುವ ಗರಜಿಲ್ಲ. ಆಮೇಲೆ ಡ್ರೇನ್ ಪ್ಲಗ್ ತೆಗೆಯಿರಿ. ಮ್ಯಾಗ್ನೆಟ್‌ಗೆ ಬೂದು ಬಣ್ಣದ ಪೇಸ್ಟ್ ಹತ್ತಿದ್ದರೆ ಅದು ಮಾಮೂಲಿ ಸವೆತ. ಆಯಿಲ್‌ನಲ್ಲಿ ಹಳದಿ ಪುಡಿ ಮಿಂಚಿದರೆ ಸಿಂಕ್ರೋ ರಿಂಗ್ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಹಿತ್ತಾಳೆ ಬಳೆ) ಹೋಗಿದೆ. ಉಗುರಿನಷ್ಟು ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಮುರಿದಿದೆ. ರಿಂಗು, ಬೇರಿಂಗು, ಸೀಲು ಇಷ್ಟೇ ಹೋಗಿದ್ದರೆ ಬಿಚ್ಚಿ ಕಟ್ಟುವುದೇ ಲೇಸು. ಕೌಂಟರ್ ಶಾಫ್ಟ್ ಹಲ್ಲು ಮುರಿದಿದ್ದರೆ, ಕೇಸ್ ಸೀಳಿದ್ದರೆ ಗುಜರಿ ಕಡೆ ನಡೆಯಿರಿ.

ಇಳಿಸುವಾಗ ಗಾಲಿಗೆ ಅಡ್ಡ ಕಲ್ಲು, ಬ್ಯಾಟರಿಯ ನೆಗೆಟಿವ್ ವೈರ್ ಆಚೆ. ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆ ತಿರುವು ಒಯ್ಯುವ ಪ್ರೊಪೆಲರ್ ಶಾಫ್ಟಿನ ಫ್ಲಾಂಜ್‌ಗೆ (ಬೋಲ್ಟ್ ಹಾಕಿ ಕೂಡಿಸುವ ಬಿಲ್ಲೆ) ಎರಡೂ ಕಡೆ ಗುರುತು ಹಾಕಿ ಬಿಚ್ಚಿ. ಗುರುತು ತಪ್ಪಿ ಕಟ್ಟಿದರೆ ಗಾಡಿ ನಡುಗಬಹುದು. ಕ್ಲಚ್ ಸ್ಲೇವ್ ಸಿಲಿಂಡರನ್ನು (ಎಣ್ಣೆ ಒತ್ತಡದಿಂದ ಕ್ಲಚ್ ಒತ್ತುವ ಭಾಗ) ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿದರೆ ಆಮೇಲೆ ಏರ್ ತೆಗೆಯುವ ಕೆಲಸ ತಪ್ಪುತ್ತದೆ. ಎಂಜಿನ್ ಹಿಂಭಾಗಕ್ಕೆ ಆಸರೆ ಕೊಟ್ಟು, ಬಾಕ್ಸ್ ಕೆಳಗೆ ಜಾಕ್ ಇಟ್ಟ ಮೇಲೆಯೇ ಬೆಲ್ ಹೌಸಿಂಗ್ (ಬಾಕ್ಸನ್ನು ಎಂಜಿನ್‌ಗೆ ಕೂಡಿಸುವ ಗಂಟೆ ಆಕಾರದ ಕವಚ) ಬೋಲ್ಟ್ ಮುಟ್ಟಿ.

ಹೊಸಬರು ಸೋಲುವುದು ಏರಿಸುವಾಗ. ಕ್ಲಚ್ ಪ್ಲೇಟನ್ನು ಹಳೆ ಇನ್‌ಪುಟ್ ಶಾಫ್ಟ್ ತೂರಿಸಿ ನಡುವಿಗೆ ತಂದು ಬಿಗಿಯಬೇಕು. ಬಾಕ್ಸನ್ನು ಗೇರಿನಲ್ಲಿಟ್ಟು, ಒಬ್ಬರು ಹಿಂದಿನ ಫ್ಲಾಂಜನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದರೆ ಇನ್‌ಪುಟ್ ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲು, ಅಂದರೆ ಸ್ಪ್ಲೈನ್, ಪ್ಲೇಟಿಗೆ ಕೂಡಿ 'ಟಕ್' ಎಂದು ಒಳಗೆ ಜಾರುತ್ತದೆ. ಅರ್ಧ ಇಂಚು ಉಳಿಯಿತೆಂದು ಬೋಲ್ಟ್ ಹಾಕಿ ಎಳೆಯಬೇಡಿ. ಬೋಲ್ಟ್ ಎಳೆದರೆ ಕೇಸಿನ ಕಿವಿ ಸೀಳುತ್ತದೆ. ಬಾಕ್ಸಿನ ಭಾರ ಪ್ಲೇಟಿನ ಮೇಲೆ ಜೋತರೆ ಹಬ್ ಬಾಗಿ, ಆಮೇಲೆ ಎಷ್ಟು ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ರಿವರ್ಸ್ ಹಾಕುವಾಗ ಕರಕರ ಎಂದರೆ ಜನ ಬಾಕ್ಸನ್ನೇ ಬೈಯುತ್ತಾರೆ!

ಗುಜರಿ ಬಾಕ್ಸಿನ ದೊಡ್ಡ ಗುಣ ಸಮಯ. ಇಬ್ಬರಿದ್ದರೆ ಒಂದು ದಿನದ ಕೆಲಸ. ಆದರೆ ಅದೇ ಮಾಡೆಲ್ ಎಂಬ ಮಾತನ್ನು ನಂಬಿ ದುಡ್ಡು ಎಣಿಸಬೇಡಿ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಹಲ್ಲು ಎಣಿಸಿ, ಉದ್ದ ಅಳೆಯಿರಿ, ಹಿಂದಿನ ಫ್ಲಾಂಜಿನ ತೂತು ಹೊಂದಿಸಿ ನೋಡಿ. ಒಂದನೇ ಗೇರಿನಲ್ಲಿ ಫ್ಲಾಂಜ್ ಒಂದು ಸುತ್ತು ಬರಲು ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತಬೇಕು ಎಂದು ಎರಡೂ ಬಾಕ್ಸಿನಲ್ಲಿ ಎಣಿಸಿದರೆ ರೇಶಿಯೋ ಬೇರೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೇಲಿನ ಕವರ್ ಬಿಚ್ಚಿಸಿ ಟಾರ್ಚ್ ಹಾಕಿ. ಒಳಗೆ ತುಕ್ಕಿನ ಗೆರೆ ಇದ್ದರೆ ನೀರು ನಿಂತ ಬಾಕ್ಸ್, ಬೇಡ. ಬಿಲ್ ಕೊಡದ ಅಂಗಡಿಯೂ ಬೇಡ. ಆರ್‌ಸಿಯಲ್ಲಿ ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ, ಕದ್ದ ಮಾಲಲ್ಲ ಎಂದು ತೋರಿಸಲು ಬಿಲ್ಲೇ ಆಧಾರ.

ಬಿಚ್ಚಿ ಕಟ್ಟಲು ಮೂರು-ನಾಲ್ಕು ದಿನ ಹಿಡಿಯಿರಿ, ಅದರಲ್ಲೂ ಅರ್ಧ ಸ್ಪೇರ್ ಪಾರ್ಟ್ ಕಾಯುವುದಕ್ಕೇ. ಪುಲ್ಲರ್, ಸರ್ಕ್ಲಿಪ್ ಪ್ಲೈಯರ್, ಫೀಲರ್ ಗೇಜ್ ಬೇಕೇ ಬೇಕು. ರಿಂಗನ್ನು ಕೋನ್ ಮೇಲೆ ಒತ್ತಿ ಹಿಡಿದು, ರಿಂಗಿಗೂ ಗೇರಿನ ಚಿಕ್ಕ ಹಲ್ಲುಗಳಿಗೂ ನಡುವಿನ ಸಂದನ್ನು ಫೀಲರ್‌ನಿಂದ ಅಳೆಯಿರಿ. ಹೊಸ ರಿಂಗ್ ಹಾಕಿ ಮತ್ತೆ ಅಳೆದರೆ ಸವೆತ ಕಣ್ಣಿಗೇ ಕಾಣುತ್ತದೆ. ಬೇರಿಂಗನ್ನು ಸುಮಾರು 100 ಡಿಗ್ರಿ ಕಾದ ಎಣ್ಣೆಯಲ್ಲಿ ಅದ್ದಿ ಕೂರಿಸಿ. ಗ್ಯಾಸ್ ಜ್ವಾಲೆ ಹಿಡಿದರೆ ಉಕ್ಕಿನ ಗಡಸು ಹೋಗುತ್ತದೆ. ಮುಂದಿನ ಕವರಿನ ಶಿಮ್‌ಗಳನ್ನು (ಸಂದು ಸರಿಹೊಂದಿಸುವ ತೆಳು ತಗಡು) ಇದ್ದಂತೆಯೇ ಎತ್ತಿಡಿ. ಗೇರ್ ಬದಲಿಸುವ ಶಿಫ್ಟರ್ ರಾಡ್‌ಗಳ ನಡುವಿನ ಇಂಟರ್‌ಲಾಕ್ ಪಿನ್ ಚಿಕ್ಕದು, ಉರುಳಿ ಕಳೆದುಹೋಗುವ ವಸ್ತು. ಅದಿಲ್ಲದೆ ಮುಚ್ಚಿದರೆ ಎರಡು ಗೇರ್ ಒಟ್ಟಿಗೆ ಬಿದ್ದು ಬಾಕ್ಸ್ ಜಾಮ್.

ಆಯಿಲ್ ವಿಷಯದಲ್ಲಿ ಅಂಗಡಿಯವರ ಸಲಹೆಗಿಂತ ಮ್ಯಾನ್ಯುಯಲ್ ದೊಡ್ಡದು. ಅದರಲ್ಲಿ 80ಡಬ್ಲ್ಯು90 (ಎಣ್ಣೆಯ ದಪ್ಪ) ಜಿಎಲ್-4 (ಎಣ್ಣೆಯ ದರ್ಜೆ) ಎಂದಿದ್ದಲ್ಲಿ, ಗಟ್ಟಿ ಇರುತ್ತದೆಂದು ಡಿಫರೆನ್ಶಿಯಲ್‌ನ ಜಿಎಲ್-5 ಸುರಿಯಬೇಡಿ; ಅದರ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಹುದು. ಸಮತಟ್ಟು ನೆಲದಲ್ಲಿ ಲೆವೆಲ್ ತೂತಿನ ಅಂಚಿಗೆ ಬಂದರೆ ಸಾಕು. ಬಾಕ್ಸಿನ ಗಾಳಿ ಹೊರಬಿಡುವ ತೂತು, ಬ್ರೀದರ್, ಒರೆಸಿ ಬಿಡಿ. ನಮ್ಮ ಎರೆಮಣ್ಣಿನ ಧೂಳು ಅಲ್ಲಿ ಕೂತು ಮೆತ್ತಿಕೊಂಡರೆ ಒಳಗಿನ ಒತ್ತಡಕ್ಕೆ ಹೊಸ ಸೀಲೂ ಸೋರುತ್ತದೆ.

ಕಲಿಯುವವರಿಗೆ ನಮ್ಮ ಮತ ಹೀಗೆ: ಮೊದಲ ಸಲ ಗುಜರಿ ಬಾಕ್ಸ್ ಏರಿಸಿ ಗಾಡಿ ಓಡಿಸಿ, ಹಳೆಯದನ್ನು ಬೆಂಚಿನ ಮೇಲೆ ಪುರುಸೊತ್ತಾಗಿ ಬಿಚ್ಚಿ. ಯಾವುದನ್ನೇ ಏರಿಸಿದರೂ ಪರೀಕ್ಷೆಗೆ ಬ್ಯಾಡಗಿ ಮೆಣಸಿನಕಾಯಿ ಹೇರಬೇಡಿ. ಗಾತ್ರ ದೊಡ್ಡದು, ತೂಕ ಹಗುರ. ಜೋಳವೋ ಸಿಮೆಂಟೋ ಹೇರಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಸಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಲಿವರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರಿದರೆ, ಗಾಡಿ ವಾಪಸ್ ತಂದು ಮೊದಲು ಮೇಲಿನ ಕವರಿನ ಡಿಟೆಂಟ್ ಸ್ಪ್ರಿಂಗ್ (ಗೇರ್ ಬಿದ್ದ ಜಾಗದಲ್ಲೇ ರಾಡನ್ನು ಹಿಡಿದಿಡುವುದು), ಆಮೇಲೆ ಆ ಗೇರಿನ ಚಿಕ್ಕ ಹಲ್ಲು ನೋಡಿ.