ಪೆಟ್ಟು ತಿಂದ ಮೀನಿಗಿಂತ ಪೆಟ್ಟು ಕೊಟ್ಟ ಮೀನಿಗೇ ಸರಿ: ನೇತುಹಾಕುವ ಬ್ರೀಡರ್ ಬಾಕ್ಸ್, ಮೂರು ವರ್ಷ ಬಳಸಿದ ಮೇಲೆ

ಟ್ಯಾಂಕಿನ ಅಂಚಿಗೆ ಹೊರಗಡೆ ನೇತುಹಾಕುವ ಅಕ್ರಿಲಿಕ್ ಬ್ರೀಡರ್ ಬಾಕ್ಸನ್ನು ಅಂಗಡಿಯವರು ಗಪ್ಪಿ ಮರಿ ಸಾಕುವವರಿಗೆ ಅಂತ ಮಾರುತ್ತಾರೆ. ನಾನು ತಂದಿದ್ದು ಮಲಾವಿ ಸಿಕ್ಲಿಡ್‌ಗಳ, ಅಂದರೆ ಆಫ್ರಿಕಾದ ಮಲಾವಿ ಸರೋವರದ ಜಗಳಗಂಟ ಬಣ್ಣದ ಮೀನುಗಳ, ಜಗಳ ಬಿಡಿಸಲಿಕ್ಕೆ. ಎರಡು ಲೀಟರ್ ನೀರು ಹಿಡಿಯುವ ದೊಡ್ಡ ಸೈಜು. ಬೆಂಗಳೂರಿನ ನಮ್ಮ ಮನೆಯ ನಾಲ್ಕಡಿ ಟ್ಯಾಂಕಿಗೆ ಜೋತುಬಿದ್ದು ಮೂರು ವರ್ಷದ ಮೇಲಾಯಿತು.

ಕೆಲಸ ಮಾಡುವ ರೀತಿ ಸರಳ. ಏರ್ ಪಂಪಿನ ಗಾಳಿ ಒಂದು ಸಣ್ಣ ಕೊಳವೆಯೊಳಗೆ ಟ್ಯಾಂಕಿನ ನೀರನ್ನು ಮೇಲೆತ್ತಿ ಡಬ್ಬಿಗೆ ಬಿಡುತ್ತದೆ, ಆ ನೀರು ಇನ್ನೊಂದು ತುದಿಯ ಜಾಲರಿಯಿಂದ ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. ನನ್ನ ಪ್ರಕಾರ ಇದರ ಬೆಲೆ ಇರುವುದೇ ಇಲ್ಲಿ. ಮಲಾವಿ ಸರೋವರದ ನೀರು ಕ್ಷಾರೀಯ, ಪಿಎಚ್ ಸುಮಾರು 7.7ರಿಂದ 8.6. ಅಷ್ಟು ಪಿಎಚ್‌ನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯದ ವಿಷ ಹೆಚ್ಚು. ಗಾಯವಾದ ಮೀನನ್ನು ಫಿಲ್ಟರ್ ಇಲ್ಲದ ಬಕೆಟ್ಟಿಗೆ ಹಾಕಿಟ್ಟರೆ ಗಾಯಕ್ಕಿಂತ ಮೊದಲು ಆ ನೀರೇ ಅದನ್ನು ಮುಗಿಸಬಹುದು. ಡಬ್ಬಿಯಲ್ಲಿ ಹಾಗಲ್ಲ. ಅದೇ ನೀರು, ಅದೇ ಶಾಖ, ಅದೇ ಫಿಲ್ಟರ್.

ನಮ್ಮಲ್ಲಿದ್ದ ರೌಡಿ ಕೆನಿ ಎಂಬ ಸಿಕ್ಲಿಡ್ ಜಾತಿಯ ಒಂದು ಗಂಡು. ಅಂಗಡಿಯಲ್ಲಿ ‘ಮಿಕ್ಸ್ ಮಲಾವಿ’ ಅಂತ ಕೊಟ್ಟ ಮರಿಗಳಲ್ಲಿ ಬಂದದ್ದು. ಮರಿಯಲ್ಲಿ ಗಂಡು ಹೆಣ್ಣು ಎರಡೂ ನೀಲಿ, ಮೇಲೆ ಕಪ್ಪು ಪಟ್ಟೆ. ಬಲಿತಾಗ ಗಂಡು ಹಳದಿಗೆ ತಿರುಗುತ್ತದೆ. ಹಳದಿಯಾದ ಮೇಲೆ ತನ್ನಂತೆಯೇ ಹಳದಿ ಬಣ್ಣದ ಯೆಲ್ಲೋ ಲ್ಯಾಬ್‌ಗಳ ಮೇಲೆ ಅದರ ಕಣ್ಣು ಬಿತ್ತು. ಪಾಪ, ಯೆಲ್ಲೋ ಲ್ಯಾಬ್ ಈ ಗುಂಪಿನಲ್ಲೇ ಸಾಧು ಪ್ರಾಣಿ. ಏಟು ತಿಂದದ್ದು ಹೀಟರಿನ ವೈರ್ ಪಕ್ಕ, ನೀರಿನ ಮೇಲ್ಮೈಗೆ ಅಂಟಿಕೊಂಡು ರೆಕ್ಕೆ ಮುದುಡಿ ನಿಂತುಬಿಡುತ್ತಿತ್ತು. ಬಾಲ ಹರಿದು ಸೀಳು ಸೀಳು, ಪಕ್ಕೆಯಲ್ಲಿ ಹುರುಪೆ ಕಿತ್ತ ಜಾಗ ಬೆಳ್ಳಗೆ.

ಎಲ್ಲರೂ ಮಾಡುವಂತೆ ಏಟು ತಿಂದದ್ದನ್ನೇ ಡಬ್ಬಿಗೆ ಹಾಕಿದೆ. ವಾಸಿಯೇನೋ ಚೆನ್ನಾಗಿ ಆಯಿತು. ಹರಿದ ಬಾಲದಂಚಿನಲ್ಲಿ ಮೊದಲು ಗಾಜಿನಂಥ ತೆಳು ಪೊರೆ ಬರುತ್ತದೆ, ಬಣ್ಣ ಆಮೇಲೆ ತುಂಬುತ್ತದೆ. ಆ ಪೊರೆ ಕಂಡರೆ ಧೈರ್ಯ ತಂದುಕೊಳ್ಳಬಹುದು. ತೊಂದರೆ ಇರುವುದು ವಾಪಸು ಬಿಟ್ಟಾಗ. ಕೆನಿ ತನ್ನ ಬಂಡೆಯ ಯಜಮಾನಿಕೆ ಬಿಟ್ಟಿರುವುದಿಲ್ಲ, ಒಳಗೆ ಬಂದವನೇ ಹೊಸಬ. ಅದೇ ಸಂಜೆ ಮತ್ತೆ ಅಟ್ಟಾಟ.

ಹಾಗಾಗಿ ಡಬ್ಬಿಗೆ ಕೆನಿಯನ್ನೇ ಹಾಕಲು ಶುರುಮಾಡಿದೆ. ಅದು ಹೊರಗಿರುವಾಗ ಉಳಿದವು ಬಂಡೆಗಳನ್ನು ಹಂಚಿಕೊಳ್ಳುತ್ತಿದ್ದವು. ವಾಪಸು ಬಿಡುವ ಮುಂಚೆ ಕಲ್ಲುಗಳ ಜಾಗ ಬದಲಿಸಿ, ಲೈಟ್ ಆರಿಸಿಬಿಡುತ್ತಿದ್ದೆ. ಆಗ ಹೊಸಬನಾಗುವ ಸರದಿ ಅದರದ್ದು. ಕೆಲವು ವಾರ ಟ್ಯಾಂಕ್ ತಣ್ಣಗಿರುತ್ತಿತ್ತು, ಆಮೇಲೆ ಹಳೆ ಚಾಳಿ. ಡಬ್ಬಿಗೆ ಹೊರಗಡೆಯಿಂದ ಕಪ್ಪು ಕಾಗದ ಅಂಟಿಸುವುದು ಒಳ್ಳೆಯದು. ಇಲ್ಲದಿದ್ದರೆ ಅಕ್ರಿಲಿಕ್ಕಿಗೇ ಮೂತಿ ಒತ್ತಿ, ಕಿವಿರು ಅಗಲಿಸಿ, ಆಚೆಯ ಮೀನಿನ ಜೊತೆ ಜಗಳ ಮುಂದುವರಿಸುತ್ತದೆ.

ಮರಿಯಾಗುವವರೆಗೆ ಬಾಯಲ್ಲೇ ಮೊಟ್ಟೆ ಇಟ್ಟುಕೊಂಡ ಹೆಣ್ಣಿಗೂ ಇದು ಆಗುತ್ತದೆ. ಮೂರು ವಾರದ ಹತ್ತಿರ ಹೊಟ್ಟೆಗೆ ಹೆಚ್ಚುಕಡಿಮೆ ಏನೂ ಇಲ್ಲದೆ ಇರುವ ಮೀನಿಗೆ ಗಂಡಿನ ಕಾಟವೂ ಬೇಡ. ಹಿಡಿಯುವಾಗ ಹೆದರಿಸಿದರೆ ಮೊಟ್ಟೆ ಉಗಿದುಬಿಡುವುದುಂಟು, ನಿಧಾನ.

ಇದನ್ನು ಆಸ್ಪತ್ರೆ ಎಂದುಕೊಳ್ಳಬೇಡಿ. ಇಲ್ಲಿ ಹಾಕಿದ ಔಷಧಿ ನೇರ ಟ್ಯಾಂಕಿಗೇ ಹೋಗುತ್ತದೆ. ಮೆಥಿಲೀನ್ ಬ್ಲೂ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಕ್ಕೆ ಏಟು, ಸಿಲಿಕೋನ್ ಅಂಚೆಲ್ಲ ನೀಲಿ. ಗಾಯದ ಮೇಲೆ ಹತ್ತಿಯಂಥ ಬೂಷ್ಟು ಕಂಡರೆ ಪ್ರತ್ಯೇಕ ಟಬ್, ಚಾಲೂ ಟ್ಯಾಂಕಿನಲ್ಲಿ ಮೊದಲೇ ಓಡಿದ ಸ್ಪಾಂಜ್ ಫಿಲ್ಟರ್, ದಿನಾ ಒಂದಿಷ್ಟು ನೀರು ಬದಲಾವಣೆ ಬೇಕೇ ಬೇಕು. ಅಲ್ಲಿ ಲೀಟರಿಗೆ 1ರಿಂದ 3 ಗ್ರಾಂ ಅಯೋಡಿನ್ ಇಲ್ಲದ ಉಪ್ಪನ್ನು ಈ ಮೀನುಗಳು ತಡೆದುಕೊಳ್ಳುತ್ತವೆ.

ಇನ್ನು ದೂರುಗಳು. ಕರೆಂಟು ಹೋದರೆ ಪಂಪ್ ನಿಂತು ಎರಡು ಲೀಟರ್ ನೀರಿನಲ್ಲಿ ಮೀನು ಏದುಸಿರು ಬಿಡುತ್ತದೆ. ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಡಬ್ಬಿ ಕೊಳ್ಳಲೇಬೇಡಿ. ಬೋರ್‌ವೆಲ್ ನೀರಿಗೆ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಖಾಲಿ ಮಾಡಿ ವಿನೆಗರ್ ಹಚ್ಚಿ ತೊಳೆದರೆ ಬಿಡುತ್ತದೆ. ಸ್ಕ್ರಬ್ಬರ್ ಹಾಕಿ ಉಜ್ಜಿದರೆ ಗೀರು ಖಂಡಿತ. ಮುಚ್ಚಳ ತೀರಾ ಹಗುರ, ಸಿಟ್ಟಿಗೆದ್ದ ಎಂಬೂನಾ (ಕೆನಿಯಂಥ, ಬಂಡೆಗಳ ನಡುವೆ ಬದುಕುವ ಮಲಾವಿ ಸಿಕ್ಲಿಡ್) ಎಗರಿದರೆ ಹಾರಿಹೋಗುತ್ತದೆ. ನಾನು ಮೇಲೊಂದು ಚಪ್ಪಟೆ ಕಲ್ಲಿಡುತ್ತೇನೆ. ನೇತುಹಾಕುವ ಕೊಕ್ಕೆ 8 ಎಂಎಂ ಗಾಜಿಗೆ ಸರಿಯಾಗಿ ಕೂರುತ್ತದೆ, ಟ್ಯಾಂಕಿನ ಮೇಲ್ಗಡೆ ಫ್ರೇಮ್ ಇದ್ದರೆ ಕೂರುವುದೇ ಇಲ್ಲ.

ಎಂಟೊಂಬತ್ತು ಸೆಂಟಿಮೀಟರ್ ದಾಟಿದ ಮೀನು ಇದರಲ್ಲಿ ತಿರುಗಲೂ ಆಗದು. ನಮ್ಮ ಕೆನಿ ಆ ಅಳತೆ ದಾಟಿದ ಮೇಲೆ ಫಾಲ್ಸ್ ಸೀಲಿಂಗ್ ಲೈಟಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ ಟ್ಯಾಂಕಿಗೇ ಅಡ್ಡಗೋಡೆ ಕಟ್ಟಿದೆ. ಅಗ್ಗ, ಗಟ್ಟಿ, ನೋಡಲು ಮಾತ್ರ ಕೋಳಿಗೂಡು. ಕೊನೆಗೆ ಕೆನಿ ಅಂಗಡಿಗೇ ವಾಪಸಾಯಿತು. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು, ಅಡಗಲು ಸಾಕಷ್ಟು ಕಲ್ಲು ಸಂದಿ ಇಲ್ಲದ ಟ್ಯಾಂಕಿನಲ್ಲಿ ಯಾವ ಡಬ್ಬಿಯೂ ಶಾಂತಿ ತರುವುದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಚ್ಚಳ ಸರಿಮಾಡಿದರೆ ನಾಲ್ಕು.