ಒಮಾಲಿಜುಮ್ಯಾಬ್ ಇಂಜೆಕ್ಷನ್ ರಿವ್ಯೂ: ತೀವ್ರ ಅಲರ್ಜಿ ಅಸ್ತಮಾ ಇರೋರಿಗೆ, ಬಯಾಲಜಿಕ್ ಬಗ್ಗೆ ಯೋಚ್ನೆ ಮಾಡ್ತಿರೋರಿಗೆ

ಬಯಾಲಜಿಕ್ ಅಂದ್ರೆ ಜೀವಕೋಶಗಳಲ್ಲಿ ತಯಾರಿಸೋ, ಕಾಯಿಲೆಯ ಒಂದು ನಿರ್ದಿಷ್ಟ ಕೊಂಡಿಯನ್ನೇ ತಡೆಯೋ ಔಷಧಿ. ಮೊದ್ಲೇ ಹೇಳ್ಬಿಡ್ತೀನಿ, ಈ ಇಂಜೆಕ್ಷನ್ ನಂಗೆ ಕೆಲ್ಸ ಮಾಡಿದೆ. ಹಂಗಂತ ಸ್ಪೈರೋಮೆಟ್ರಿ (ಉಸಿರು ಊದಿಸಿ ಶ್ವಾಸಕೋಶ ಅಳೆಯೋ ಟೆಸ್ಟ್) ರಿಪೋರ್ಟ್ ನೋಡಿದ್ರೆ ನಿಮಗೆ ಗೊತ್ತಾಗಲ್ಲ, ಎಫ್‌ಇವಿ1, ಅಂದ್ರೆ ಮೊದಲ ಸೆಕೆಂಡಲ್ಲಿ ಊದೋ ಗಾಳಿಯ ಅಳತೆ, ಅಲ್ಲೇ ಸ್ವಲ್ಪ ಆ ಕಡೆ ಈ ಕಡೆ ಇದೆ ಅಷ್ಟೇ. ನನ್ ಲೆಕ್ಕ ಬೇರೆ, ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ನುಂಗೋದು ತಪ್ಪಿದೆ, ಅರ್ಧರಾತ್ರಿ ನೆಬ್ಯುಲೈಸರ್ ಹಾಕಿಸ್ಕೊಳ್ಳೋಕೆ ಎಮರ್ಜೆನ್ಸಿಗೆ ಓಡೋದು ತಪ್ಪಿದೆ. ಬಯಾಲಜಿಕ್ ಬಗ್ಗೆ ಕೇಳೋರೆಲ್ಲಾ "ಉಸಿರಾಟ ಎಷ್ಟು ಸುಧಾರಿಸುತ್ತೆ" ಅಂತಾನೇ ಕೇಳ್ತಾರೆ, ನಾನು ಮಾತ್ರ ಎಲ್ರಿಗೂ ಹೇಳೋದು, ಅಟ್ಯಾಕ್ ಎಷ್ಟು ಕಮ್ಮಿ ಆಗುತ್ತೆ, ಸ್ಟೆರಾಯ್ಡ್ ಮಾತ್ರೆ ಎಷ್ಟು ತಪ್ಪುತ್ತೆ ಅಂತ ಕೇಳಿ, ಈ ಔಷಧಿನ ತೂಗೋದು ಅಲ್ಲಿ.

ತೀವ್ರ ಅಸ್ತಮಾ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ದಮ್ಮು ಜಾಸ್ತಿ ಇರೋರೆಲ್ಲಾ ಈ ಲೆಕ್ಕಕ್ಕೆ ಬರಲ್ಲ. ಹೈ ಡೋಸ್ ಸ್ಟೆರಾಯ್ಡ್ ಇನ್ಹೇಲರ್, ಅದ್ರ ಜೊತೆ ಫಾರ್ಮೊಟೆರಾಲ್ ಥರದ್ದು (ಶ್ವಾಸನಾಳನ ಬಹಳ ಹೊತ್ತು ತೆರೆದಿಡೋ ಔಷಧಿ) ಇನ್ನೊಂದು, ಎರಡನ್ನೂ ತಪ್ಪದೇ ಸರಿಯಾಗಿ ಎಳ್ಕೊಂಡ್ರೂ ಹತೋಟಿಗೆ ಬರ್ಲಿಲ್ಲ ಅಂದ್ರೆ, ಅಥ್ವಾ ಡೋಸ್ ಇಳಿಸಿದ ಕೂಡ್ಲೇ ಮತ್ತೆ ಕೆರಳಿದ್ರೆ ಅದು ತೀವ್ರ ಅಸ್ತಮಾ. ಅಸ್ತಮಾ ಇರೋ ನೂರು ಜನದಲ್ಲಿ ಮೂರೋ ನಾಲ್ಕೋ ಜನ ಇಂಥವ್ರು. ಮಿಕ್ಕವ್ರಲ್ಲಿ ಬಹಳಷ್ಟು ಜನಕ್ಕೆ ತೊಂದ್ರೆ ಇರೋದು ಇನ್ಹೇಲರ್ ಎಳೆಯೋ ರೀತೀಲಿ, ಇಲ್ಲಾ ಮೂಗಿನ ಅಲರ್ಜಿಲಿ, ಇಲ್ಲಾ ಹೊಟ್ಟೆಯ ಆಸಿಡ್ ಮೇಲಕ್ಕೆ ಬರೋದ್ರಲ್ಲಿ, ಇಲ್ಲಾ ಸಿಗರೇಟ್ ಹೊಗೇಲಿ. ಒಳ್ಳೆ ಡಾಕ್ಟ್ರು ಬಯಾಲಜಿಕ್ ಮಾತೆತ್ತೋಕ್ಕಿಂತ ಮುಂಚೆ ನಿಮ್ ಕೈಲಿ ಇನ್ಹೇಲರ್ ಕೊಟ್ಟು "ಎಳೆದು ತೋರ್ಸಿ" ಅಂತಾರೆ. ಅದನ್ನ ಕೇಳ್ದೇ ಸೀದಾ ಇಂಜೆಕ್ಷನ್ ಬರೆಯೋರು ಇದ್ರೆ ಬೇರೆಯವ್ರ ಹತ್ರ ಒಂದ್ಸಲ ತೋರ್ಸಿ.

ನನ್ ಕಾಯಿಲೆ ಪಕ್ಕಾ ಅಲರ್ಜಿ ಕಡೆಯದು. ಹಾಸಿಗೆ ಧೂಳಿನ ಹುಳ, ಬೆಕ್ಕು, ಬೂಸ್ಟು, ಮೂರಕ್ಕೂ ಸ್ಕಿನ್ ಪ್ರಿಕ್ ಟೆಸ್ಟಲ್ಲಿ ಕೈ ಊದ್ಕೊಂಡಿತ್ತು. ಬೆಡ್‌ಶೀಟ್ ಎಲ್ಲಾ 60 ಡಿಗ್ರಿ ಬಿಸಿನೀರಲ್ಲೇ ಒಗೆಯೋದು, ಹಳೇ ಪುಸ್ತಕದ ಕಪಾಟು ಬೇರೆಯವ್ರೇ ತೆಗೀಬೇಕು, ಬೆಕ್ಕು ಸಾಕಿರೋರು ಪಕ್ಕದಲ್ಲಿ ಬಂದು ಕೂತ್ರೆ ಅವ್ರ ಸ್ವೆಟರಿಂದಾನೇ ಎದೆ ಬಿಗಿಯೋಕೆ ಶುರುವಾಗುತ್ತೆ. ಅಟ್ಯಾಕ್ ಬಂದಾಗ ಹೆಂಗಿರುತ್ತೆ ಅಂತ ಅನುಭವಿಸಿದವ್ರಿಗೇ ಗೊತ್ತು, ಮಂಚದ ತುದೀಲಿ ಕೂತು ಎರಡೂ ಕೈ ಮಂಡಿ ಮೇಲೆ ಊರಿ ಮುಂದಕ್ಕೆ ಬಾಗಿ, ಹೆಗಲು ಕಿವಿವರ್ಗೂ ಬರುತ್ತೆ, ಉಸಿರು ಒಳಗೆ ಎಳ್ಕೊಳ್ಳೋದಕ್ಕಿಂತ ಹೊರಗೆ ಬಿಡೋದೇ ಕಷ್ಟ, ಯಾರಾದ್ರೂ ಏನಾಯ್ತು ಅಂತ ಕೇಳಿದ್ರೆ ಎರಡು ಪದ ಹೇಳೋಷ್ಟರಲ್ಲಿ ನಿಲ್ಲಿಸಿ ಮತ್ತೆ ಉಸಿರು ತಗೋಬೇಕು. ಜೋರಾಗಿ ನಕ್ಕರೂ ಕೆಮ್ಮು ಹತ್ತುತ್ತೆ ಅಂತ ನಗೋದನ್ನೂ ಹಿಡ್ಕೊಂಡು ಬದುಕಿದೀನಿ.

ಪ್ರತೀ ಅಟ್ಯಾಕ್‌ಗೂ ಸ್ಟೆರಾಯ್ಡ್ ಕೋರ್ಸ್. ಆ ಮಾತ್ರೆ ಜೀವ ಉಳಿಸುತ್ತೆ, ಅದ್ರಲ್ಲಿ ಎರಡು ಮಾತಿಲ್ಲ, ಅಟ್ಯಾಕ್ ಟೈಮಲ್ಲಿ ಡಾಕ್ಟ್ರು ಕೊಟ್ರೆ ದಯವಿಟ್ಟು ತಗೊಳ್ಳಿ. ಆದ್ರೆ ಜೀವಮಾನದಲ್ಲಿ ಒಟ್ಟು 4-5 ಕೋರ್ಸ್ ಆದ್ರೂ ಸಾಕು ಮೂಳೆ ಸವೆಯೋದು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇಂಥದ್ರ ಅಪಾಯ ಏರುತ್ತೆ ಅಂತ ಅಸ್ತಮಾದ ಅಂತಾರಾಷ್ಟ್ರೀಯ ಮಾರ್ಗಸೂಚಿ ಗಿನಾದಲ್ಲೇ ಇದೆ. ಮುಖ ದಪ್ಪ ಆಗೋದು, ರಾತ್ರಿ ನಿದ್ದೆ ಇಲ್ದೇ ಹೊರಳಾಡೋದು, ಸುಮ್‌ಸುಮ್ನೆ ಮನೆಯವ್ರ ಮೇಲೆ ರೇಗೋದು, ಇದೆಲ್ಲಾ ಮೇಲ್ನೋಟಕ್ಕೆ ಕಾಣೋದು, ಒಳಗೆ ಆಗೋದು ಕಾಣಲ್ಲ. ನಾನು ಇಂಜೆಕ್ಷನ್‌ಗೆ ಒಪ್ಪಿದ್ದೇ ಈ ಕಾರಣಕ್ಕೆ.

ಈಗ ಔಷಧಿ ವಿಷಯಕ್ಕೆ ಬರ್ತೀನಿ. ಒಮಾಲಿಜುಮ್ಯಾಬ್, ಬ್ರ್ಯಾಂಡ್ ಹೆಸ್ರು ಜೋಲೇರ್. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ತು, ಅಸ್ತಮಾಗೆ ಬಂದ ಮೊದಲನೇ ಬಯಾಲಜಿಕ್ ಇದೇ, ಅಂದ್ರೆ ಎರಡು ದಶಕಕ್ಕೂ ಹೆಚ್ಚಿನ ಬಳಕೆ ಇದ್ರ ಹಿಂದೆ ಇದೆ, ನಂಗೆ ಧೈರ್ಯ ಕೊಟ್ಟಿದ್ದು ಅದೇ. ನಮ್ ದೇಹ ಧೂಳನ್ನೋ ಬೆಕ್ಕಿನ ಹೊಟ್ಟನ್ನೋ ಶತ್ರು ಅಂದ್ಕೊಂಡು ಐಜಿಇ ಅನ್ನೋ ಪ್ರತಿಕಾಯ ಮಾಡುತ್ತೆ, ಆ ಐಜಿಇ ಹೋಗಿ ಮಾಸ್ಟ್ ಕಣಗಳ (ಅಲರ್ಜಿ ರಾಸಾಯನಿಕ ತುಂಬಿರೋ ಜೀವಕೋಶಗಳ) ಮೇಲೆ ಕೂರುತ್ತೆ, ಮುಂದೆ ಧೂಳು ಬಂದು ತಾಗಿದ ತಕ್ಷಣ ಆ ಕಣ ಹಿಸ್ಟಮಿನ್ ಇತ್ಯಾದಿ ಎಲ್ಲಾ ಸುರಿದು ಶ್ವಾಸನಾಳ ಬಿಗಿಯುತ್ತೆ. ಒಮಾಲಿಜುಮ್ಯಾಬ್ ರಕ್ತದಲ್ಲಿ ಓಡಾಡೋ ಐಜಿಇನ ದಾರೀಲೇ ಹಿಡ್ಕೊಂಡು ಮಾಸ್ಟ್ ಕಣದ ಮೇಲೆ ಕೂರಕ್ಕೆ ಬಿಡಲ್ಲ. ಕಾಲಕ್ರಮೇಣ ಆ ಕಣಗಳ ಮೇಲೆ ಐಜಿಇ ಅಂಟ್ಕೊಳ್ಳೋ ಜಾಗ, ಅಂದ್ರೆ ರಿಸೆಪ್ಟರೂ ಕಮ್ಮಿ ಆಗ್ತಾ ಹೋಗುತ್ತೆ. ಇದು ಒಂದೆರಡು ದಿನದಲ್ಲಿ ಮುಗಿಯೋ ಕೆಲ್ಸ ಅಲ್ಲ, ಅದಕ್ಕೇ ಇದು ಅಟ್ಯಾಕ್ ಬಂದಾಗ ಹಾಕೋ ಮದ್ದು ಅಲ್ವೇ ಅಲ್ಲ.

ಡೋಸ್ ಎಲ್ರಿಗೂ ಒಂದೇ ಇರಲ್ಲ. ಶುರು ಮಾಡೋಕ್ಕಿಂತ ಮುಂಚೆ ಇದ್ದ ಐಜಿಇ ಮಟ್ಟ, ನಿಮ್ ತೂಕ, ಎರಡನ್ನೂ ಚಾರ್ಟಲ್ಲಿ ಹೊಂದಿಸಿ ನೋಡಿ 2 ವಾರಕ್ಕೋ 4 ವಾರಕ್ಕೋ ಒಂದ್ಸಲ ಅಂತ ನಿರ್ಧರಿಸ್ತಾರೆ. ಐಜಿಇ 30ಕ್ಕಿಂತ ಕಮ್ಮಿ ಇದ್ರೆ ಚಾರ್ಟಲ್ಲಿ ಜಾಗ ಇಲ್ಲ, ಮೇಲಿನ ಮಿತಿ ಅಮೆರಿಕದ ಚಾರ್ಟಲ್ಲಿ 12 ವರ್ಷ ದಾಟಿದವ್ರಿಗೆ 700, ಯುರೋಪಿನದ್ರಲ್ಲಿ 1500. ಕೆಲವ್ರಿಗೆ ಐಜಿಇ ಸಾವಿರಾರು ಇರುತ್ತೆ, ಆಗ ಆಸ್ಪರ್ಜಿಲಸ್ ಬೂಸ್ಟಿನ ಟೆಸ್ಟ್ ಮಾಡಿಸೋದು ಮುಖ್ಯ, ಅದು ಬೇರೆ ಕಾಯಿಲೆ ಇರ್ಬಹುದು, ಅದ್ರ ಚಿಕಿತ್ಸೇನೂ ಬೇರೆ. ಹೊಟ್ಟೆ ಹುಳದ ತೊಂದ್ರೆ ಇದೆಯಾ ಅಂತಾನೂ ಕೇಳ್ತಾರೆ, ಐಜಿಇ ಅದಕ್ಕೂ ಏರುತ್ತೆ. ಇನ್ನೊಂದು ವಿಷಯ, ರಕ್ತದ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮತ್ತೆ ಊದೋ ಫೀನೋ ಟೆಸ್ಟ್ (ಉಸಿರಲ್ಲಿರೋ ನೈಟ್ರಿಕ್ ಆಕ್ಸೈಡ್ ಅಳೆಯೋದು) ಎರಡನ್ನೂ ಆದಷ್ಟೂ ಸ್ಟೆರಾಯ್ಡ್ ಮಾತ್ರೆ ಕೋರ್ಸ್ ಇಲ್ದೇ ಇರೋ ಟೈಮಲ್ಲಿ ಮಾಡಿಸಿ. ಪ್ರೆಡ್ನಿಸೊಲೋನ್ ತಗೋತಿರೋವಾಗ ಇಯೋಸಿನೋಫಿಲ್ ತಳ ಮುಟ್ಟುತ್ತೆ, ಆ ರಿಪೋರ್ಟ್ ನೋಡಿ ನಿಮಗೆ ಯಾವ ಬಯಾಲಜಿಕ್ ಹೊಂದುತ್ತೆ ಅನ್ನೋ ಲೆಕ್ಕಾನೇ ತಪ್ಪಿಹೋಗುತ್ತೆ.

ಇಂಜೆಕ್ಷನ್ ದಿನದ ಬಗ್ಗೆ. ನಂಗೆ ಶುರುವಲ್ಲಿ ಕೊಟ್ಟಿದ್ದು ಪುಡಿ ಇರೋ ಬಾಟ್ಲಿ, ಫ್ರಿಜ್ಜಿಂದ ತೆಗೆದು ಅದಕ್ಕೆ ನೀರು ಸೇರಿಸಿ ಕರಗಿಸ್ಬೇಕು. ನರ್ಸಮ್ಮ ಆ ಬಾಟ್ಲಿನ ಮೇಜಿನ ಮೇಲೆ ನೆಟ್ಟಗೆ ಇಟ್ಕೊಂಡು ಮೆಲ್ಲಗೆ ಸುತ್ತಿಸೋರು, ಒಂದ್ಸಲಾನೂ ಕುಲುಕ್ತಿರ್ಲಿಲ್ಲ, ಕುಲುಕಿದ್ರೆ ನೊರೆ ಬರುತ್ತೆ ಅಂತ. ಐದೈದು ನಿಮಿಷಕ್ಕೆ ಬಂದು ಮತ್ತೆ ಸುತ್ತಿಸಿ, ಬೆಳಕಿಗೆ ಹಿಡಿದು ಒಳಗೆ ಜೆಲ್ ಥರ ಕಣ ಉಳಿದಿದೆಯಾ ನೋಡಿ, ಪೂರ್ತಿ ಕರಗೋಕೆ 15-20 ನಿಮಿಷ. ಸಿರಿಂಜಿಗೆ ಎಳ್ಕೊಂಡಾಗ ನೋಡಿದ್ರೆ ನೀರಿಗಿಂತ ಮಂದ ಇರುತ್ತೆ, ಅದಕ್ಕೇ ಚುಚ್ಚಿದ ಮೇಲೆ ನಿಧಾನವಾಗಿ 5-10 ಸೆಕೆಂಡ್ ಒತ್ತುತ್ತಾರೆ, ಚರ್ಮದಡಿ ಒಂಚೂರು ಉರಿ, ಆಮೇಲೆ ಆ ಜಾಗ ಸಂಜೆವರ್ಗೂ ಗಟ್ಟಿ. ಒಂದು ಜಾಗಕ್ಕೆ 150 ಮಿಗ್ರಾಂ ಅಷ್ಟೇ, ಹಂಗಾಗಿ ನಂಗೆ ಎರಡೂ ತೋಳಿಗೂ ಬೀಳೋದು. ಈಗ ತುಂಬಿಟ್ಟಿರೋ ಸಿರಿಂಜ್ ಬಂದಿದೆ, ಕರಗಿಸೋ ಕಾಯುವಿಕೆ ಇಲ್ಲ, ಕೆಲವ್ರಿಗೆ ಡಾಕ್ಟ್ರು ಒಪ್ಪಿದ್ರೆ ಮನೇಲೇ ತೊಡೆಗೋ ಹೊಟ್ಟೆಗೋ ಹಾಕ್ಕೊಳ್ಳೋಕೂ ಕಲಿಸ್ತಾರೆ. ಲ್ಯಾಟೆಕ್ಸ್ ಅಲರ್ಜಿ ಇರೋರು ಮೊದ್ಲೇ ಹೇಳಿ, ಹಳೇ ಸಿರಿಂಜಿನ ಸೂಜಿ ಮುಚ್ಚಳದಲ್ಲಿ ಅದ್ರ ಅಂಶ ಇತ್ತು.

ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಒಂದೇ ವಿಷಯಕ್ಕೆ, ಮೊದಲು ಹೋಗ್ತಿದ್ದ ಕ್ಲಿನಿಕ್ಕಲ್ಲಿ ಮೊದಲನೇ ಡೋಸ್ ಹಾಕಿ ಹತ್ತಿ ಒತ್ತಿಸಿ "ಆಯ್ತು, ಹೊರಡಿ" ಅಂದ್ಬಿಟ್ರು. ಈ ಔಷಧಿಗೆ ಅನಾಫಿಲ್ಯಾಕ್ಸಿಸ್ (ದಿಢೀರ್ ಬರೋ ಪ್ರಾಣಾಪಾಯದ ಅಲರ್ಜಿ) ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಕಪ್ಪು ಚೌಕದ ಎಚ್ಚರಿಕೆ, ಅಂದ್ರೆ ಔಷಧಿ ಲೇಬಲ್ ಮೇಲೆ ಹಾಕೋ ಅತಿ ಗಂಭೀರ ಎಚ್ಚರಿಕೆ, ಹಾಕಿಸಿದೆ. ಅಪರೂಪ, ಸಾವಿರದಲ್ಲಿ ಒಬ್ರೋ ಇಬ್ರೋ, ಆದ್ರೆ ಬಂದ್ರೆ ನಾಲಿಗೆ ಊದೋದು, ಬಿಪಿ ಬೀಳೋದು, ಉಸಿರು ಕಟ್ಟೋದು ಎಲ್ಲಾ ಆಗುತ್ತೆ, ಮೊದಲೇ ಶ್ವಾಸಕೋಶ ಸರಿ ಇಲ್ದವ್ರಿಗೆ ಇದು ಆಟ ಅಲ್ಲ. ಅಮೆರಿಕದ ಅಲರ್ಜಿ ತಜ್ಞರ ಸಲಹೆ ಇರೋದು ಮೊದಲ 3 ಡೋಸ್‌ಗೆ 2 ಗಂಟೆ ಕಾಯಿಸ್ಬೇಕು, ಆಮೇಲಿಂದ ಅರ್ಧ ಗಂಟೆ. ವರ್ಷ ಕಳೆದ ಮೇಲೂ ಬಂದಿರೋ ಉದಾಹರಣೆ ಇದೆ, ಹಂಗಾಗಿ ಅಂಥ ಅಲರ್ಜಿಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಇಟ್ಕೊಂಡಿರೋ ಜಾಗದಲ್ಲೇ ಹಾಕಿಸ್ಕೊಳ್ಳಿ. ನಾನು ಅವತ್ತು ಬೆಂಚ್ ಬಿಟ್ಟು ಏಳ್ಲಿಲ್ಲ, ಮುಂದಿನ ಡೋಸಿಗೆ ಜಾಗ ಬದಲಾಯಿಸ್ದೆ. ಎರಡನೇ ಜಾಗದಲ್ಲಿ ಬಿಪಿ ನೋಡಿ, ಪೀಕ್ ಫ್ಲೋ ಮೀಟರ್ (ಉಸಿರು ಬಿಡೋ ವೇಗ ಅಳೆಯೋದು) ಊದಿಸಿ, ಕೂರಿಸಿ, ಹೋಗೋಕ್ ಮುಂಚೆ ಮತ್ತೆ ತೋಳು ನೋಡಿ ಕಳಿಸ್ತಾರೆ, ಹಿಂಗಿರ್ಬೇಕು.

ಫಲಿತಾಂಶಕ್ಕೆ ತಾಳ್ಮೆ ಬೇಕೇ ಬೇಕು. ಮೊದಮೊದಲು ನಂಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ, ಅದೇ ಉಬ್ಬಸ, ಅದೇ ರಾತ್ರಿ ಎದ್ದು ಕೂರೋದು, ಮನೇಲೂ "ಇದು ಸುಮ್ನೆ" ಅನ್ನೋಕೆ ಶುರು ಮಾಡಿದ್ರು. 16 ವಾರಕ್ಕೆ ಕೂತು ಲೆಕ್ಕ ಹಾಕಿ ಮುಂದುವರ್ಸೋದಾ ಬೇಡ್ವಾ ಅಂತ ತೀರ್ಮಾನ ಮಾಡೋದು ಪದ್ಧತಿ. ಅಷ್ಟರೊಳಗೆ ಬೇಸತ್ತು ಬಿಡ್ಬೇಡಿ, ಅದಾದ ಮೇಲೂ ಏನೂ ಇಲ್ಲ ಅಂದ್ರೆ ಸುಮ್ನೆ ಎಳೀಲೂ ಬೇಡಿ. ನಂಗೆ ಮೊದಲು ಗೊತ್ತಾಗಿದ್ದು ರಾತ್ರಿ, ಬೆಳಗ್ಗೆ ಎದ್ದಾಗ ರಿಲೀವರ್ ಇನ್ಹೇಲರ್ (ಉಬ್ಬಸ ಬಂದಾಗ ಎಳೆಯೋದು) ಇಟ್ಟ ಜಾಗದಲ್ಲೇ ಇದೆ, ಮಧ್ಯ ಎದ್ದೇ ಇಲ್ಲ. ಆಮೇಲೆ ನೆಗಡಿ ಬಂತು, ಅದು ಎದೆಗೆ ಇಳಿಯುತ್ತೆ ಅಂತ ನಾನು ಮಾತ್ರೆ ರೆಡಿ ಇಟ್ಕೊಂಡು ಕಾಯ್ತಾ ಇದ್ರೆ ಅದು ಬರೀ ನೆಗಡಿಯಾಗೇ ಮುಗೀತು! ಅದ್ರ ಖುಷಿ ಎಷ್ಟು ಅಂತ ಈ ಕಾಯಿಲೆ ಇಲ್ದವ್ರಿಗೆ ಹೇಳಿದ್ರೆ ಅರ್ಥ ಆಗಲ್ಲ.

ಹಂಗಂತ ಪವಾಡ ಅಂತ ನಿರೀಕ್ಷೆ ಇಟ್ಕೋಬೇಡಿ. ಹೈ ಡೋಸ್ ಇನ್ಹೇಲರಲ್ಲೂ ಹತೋಟಿಗೆ ಬರದ 850 ಜನರ ಮೇಲೆ 48 ವಾರ ನಡೆದ ಒಂದು ಅಧ್ಯಯನದಲ್ಲಿ ಅಟ್ಯಾಕ್ ಕಮ್ಮಿ ಆಗಿದ್ದು ಸುಮಾರು 25%, ಅದು ಸರಾಸರಿ, ಕೆಲವ್ರಿಗೆ ಬಹಳ ಚೆನ್ನಾಗಿ ಆಗುತ್ತೆ, ಕೆಲವ್ರಿಗೆ ಏನೂ ಆಗಲ್ಲ. ಇನ್ಹೇಲರ್ ನಿಲ್ಸೋ ಹಂಗಿಲ್ಲ. ದಿನಾ ಸ್ಟೆರಾಯ್ಡ್ ಮಾತ್ರೆ ಮೇಲಿರೋರು ಅದನ್ನ ಡಾಕ್ಟ್ರ ಲೆಕ್ಕದಲ್ಲಿ ನಿಧಾನಕ್ಕೇ ಇಳಿಸ್ಬೇಕು, ಒಂದೇ ಸಲ ಬಿಟ್ರೆ ದೇಹ ತಾನಾಗೇ ಮಾಡ್ಬೇಕಾದ ಸ್ಟೆರಾಯ್ಡ್ ಮಾಡಲ್ಲ, ಅದು ಪ್ರಾಣಾಪಾಯ. ನಂಗೆ ಸೈಡ್ ಎಫೆಕ್ಟ್ ಅಂದ್ರೆ ತಲೆನೋವು, ಮಾರನೇ ದಿನ ಕೀಲು ನೋವು, ಅಷ್ಟೇ.

ಇನ್ನೊಂದು ಎಚ್ಚರಿಕೆ. ಶುರು ಮಾಡಿದ್ಮೇಲೆ ಯಾರೋ ರೊಟೀನ್ ಟೆಸ್ಟಲ್ಲಿ ಐಜಿಇ ಮತ್ತೆ ಬರೆದ್ರು, ನೋಡಿದ್ರೆ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ, ಎದೆ ಧಸಕ್ಕಂತು. ಆಮೇಲೆ ನಮ್ ಚೆಸ್ಟ್ ಡಾಕ್ಟ್ರು ವಿವರಿಸಿದ್ರು, ಔಷಧಿ ಹಿಡ್ಕೊಂಡಿರೋ ಐಜಿಇನೂ ಸೇರಿಸಿ ಎಣಿಸೋದ್ರಿಂದ ಹಂಗೆ ಕಾಣುತ್ತೆ, ನಿಲ್ಲಿಸಿದ ಮೇಲೂ ಒಂದು ವರ್ಷದವರೆಗೆ ಏರಿದ ಹಾಗೇ ಇರ್ಬಹುದು, ಆ ನಂಬರ್ ಇಟ್ಕೊಂಡು ಡೋಸ್ ಬದಲಾಯಿಸ್ಬಾರ್ದು. ಹಂಗಾಗಿ ಶುರುವಿಗೆ ಮುಂಚಿನ ಐಜಿಇ ರಿಪೋರ್ಟ್ ಜೋಪಾನವಾಗಿ ಇಟ್ಕೊಳ್ಳಿ.

ಬೇರೆ ಬಯಾಲಜಿಕ್ ನಾನು ತಗೊಂಡಿಲ್ಲ, ಡಾಕ್ಟ್ರ ಹತ್ರ ಕೂತು ಹೋಲಿಸಿ ನೋಡಿದ್ದಷ್ಟೇ. ಇಯೋಸಿನೋಫಿಲ್ ಜಾಸ್ತಿ ಇದ್ದು ಅಲರ್ಜಿ ಅಷ್ಟಾಗಿ ಇಲ್ದವ್ರಿಗೆ ಮೆಪೊಲಿಜುಮ್ಯಾಬ್ 4 ವಾರಕ್ಕೊಮ್ಮೆ, ಬೆನ್ರಲಿಜುಮ್ಯಾಬ್ ಮೊದಲ 3 ಡೋಸ್ 4 ವಾರಕ್ಕೆ ಆಮೇಲೆ 8 ವಾರಕ್ಕೆ, ಓಡಾಟ ಕಮ್ಮಿ ಅನ್ನೋದೇ ಅದ್ರ ದೊಡ್ಡ ಅನುಕೂಲ. ಎಕ್ಸಿಮಾ (ಚರ್ಮದ ತುರಿಕೆ ಕಾಯಿಲೆ) ಅಥ್ವಾ ಮೂಗಲ್ಲಿ ಪಾಲಿಪ್ (ಒಳಗೆ ಬೆಳೆಯೋ ಮೆತ್ತನೆ ಗಡ್ಡೆ) ಕೂಡ ಇದ್ರೆ ಡುಪಿಲುಮ್ಯಾಬ್ ಬಗ್ಗೆ ಕೇಳಿ, ಅದು 2 ವಾರಕ್ಕೊಮ್ಮೆ. 2021ರ ಕೊನೇಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಟೆಜೆಪೆಲುಮ್ಯಾಬ್‌ಗೆ ಇಯೋಸಿನೋಫಿಲ್ ಇಷ್ಟೇ ಇರ್ಬೇಕು ಅನ್ನೋ ನಿರ್ಬಂಧ ಇಲ್ಲ. ಒಂದು ಕೆಲ್ಸ ಮಾಡ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಬದಲಾಯಿಸೋಕೆ ದಾರಿ ಇದೆ, ಅದಕ್ಕೇ ಮೊದಲನೇದು ಫೇಲಾದ್ರೆ ಎಲ್ಲಾ ಮುಗೀತು ಅಂತ ಕೈಚೆಲ್ಲಿ ಕೂರ್ಬೇಡಿ.

ಎಷ್ಟು ವರ್ಷ ಹಾಕಿಸ್ಕೋಬೇಕು ಅನ್ನೋದು ನನ್ನನ್ನ ಈಗ್ಲೂ ಕಾಡೋ ಪ್ರಶ್ನೆ. ಸುಮಾರು 5 ವರ್ಷ ತಗೊಂಡೋರನ್ನ ಎರಡು ಗುಂಪು ಮಾಡಿ ನೋಡಿದ ಅಧ್ಯಯನದಲ್ಲಿ ಮುಂದಿನ ಒಂದು ವರ್ಷ ಅಟ್ಯಾಕ್ ಇಲ್ದೇ ಇದ್ದೋರು, ಮುಂದುವರಿಸಿದವ್ರಲ್ಲಿ 67%, ನಿಲ್ಲಿಸಿದವ್ರಲ್ಲಿ 47.7%. ಅಂದ್ರೆ ನಿಲ್ಲಿಸಿದವ್ರಲ್ಲೂ ಹತ್ತಿರ ಹತ್ತಿರ ಅರ್ಧ ಜನ ಚೆನ್ನಾಗೇ ಇದ್ರು, ಆದ್ರೆ ನಾನು ಯಾವ ಅರ್ಧದಲ್ಲಿ ಇರ್ತೀನಿ ಅಂತ ಮುಂಚೆನೇ ಹೇಳೋ ಟೆಸ್ಟ್ ಇಲ್ಲ. ಸದ್ಯಕ್ಕೆ ಮುಂದುವರಿಸ್ತಿದೀನಿ, ಇನ್ಹೇಲರ್ ಡೋಸ್ ಮೊದಲು ಇಳಿಸಿ ನೋಡೋಣ, ಅದ್ರಲ್ಲಿ ಗಟ್ಟಿಯಾಗಿ ನಿಂತ್ರೆ ಇಂಜೆಕ್ಷನ್ ಮಾತು ಆಮೇಲೆ ಅಂತ ಡಾಕ್ಟ್ರು ನಾನು ಇಬ್ರೂ ಒಪ್ಪಿದೀವಿ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಮ್ಮಿ ಮಾಡಿದ್ದು ಕೆಲ್ಸ ಮಾಡುತ್ತೋ ಇಲ್ವೋ ಅಂತ ತಿಳಿಯೋಕೇ ನಾಲ್ಕು ತಿಂಗ್ಳು ಕಾಯ್ಬೇಕು ಅನ್ನೋದಕ್ಕೆ.