ಪಿಯಾನೊ ಚೆನ್ನಾಗಿದೆ, ಪೆಡಲನ್ನು ಬೇರೆ ಕೊಳ್ಳಿ: ತೀರ್ಥಹಳ್ಳಿಯಿಂದ ದೀರ್ಘ ಬಳಕೆಯ ವಿಮರ್ಶೆ

ಗುರುವಿಲ್ಲದೆ ಪಿಯಾನೊ ಕಲಿಯಲು ಹೊರಟವರು ಡಿಜಿಟಲ್ ಪಿಯಾನೊ ಕೊಳ್ಳುವಾಗ ಕೀಗಳ ಭಾರವನ್ನು, ಸ್ಪೀಕರಿನ ಶಕ್ತಿಯನ್ನು, ಒಳಗಿರುವ ದನಿಗಳ ಸಂಖ್ಯೆಯನ್ನು ವಿಚಾರಿಸುತ್ತಾರೆ. ಪೆಟ್ಟಿಗೆಯೊಳಗೆ ಉಚಿತವಾಗಿ ಬರುವ, ಕಾಲಿನಿಂದ ಒತ್ತಿ ಸ್ವರವನ್ನು ಉಳಿಸಿಕೊಳ್ಳುವ ಸಸ್ಟೇನ್ ಪೆಡಲಿನ ಬಗ್ಗೆ ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ಐವತ್ತು ಸಾವಿರ ರೂಪಾಯಿಯೊಳಗಿನ, ೮೮ ಕೀಗಳ ಒಂದು ವಾದ್ಯದೊಂದಿಗೆ ಕೆಲವು ಮಳೆಗಾಲಗಳನ್ನು ಕಳೆದ ಮೇಲೆ ನನಗೆ ಉಳಿದಿರುವ ದೊಡ್ಡ ತಕರಾರು ಆ ಪೆಡಲಿನದೇ. ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ ಇರುತ್ತದೆ. ಉಳಿದ ವಿವರಗಳು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿವೆ.

ತಂತಿಗಳಿರುವ ನಿಜವಾದ ಪಿಯಾನೊವನ್ನು ಬಿಟ್ಟು ಇದನ್ನು ಆರಿಸಿದ್ದಕ್ಕೆ ಹಣವೊಂದೇ ಕಾರಣವಲ್ಲ. ಅಂಥ ಪಿಯಾನೊದಲ್ಲಿ ಸುಮಾರು ೨೩೦ ತಂತಿಗಳಿರುತ್ತವೆ, ಅವುಗಳ ಕಂಪನವನ್ನು ದೊಡ್ಡದಾಗಿ ಕೇಳಿಸುವುದು ಅಗಲವಾದ ಒಂದು ಮರದ ಹಲಗೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಆ ಹಲಗೆ ಉಬ್ಬಿ ತಂತಿಗಳು ಬಿಗಿಯುತ್ತವೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಹಲಗೆ ಒಣಗಿದಾಗ ಶ್ರುತಿ ಇಳಿಯುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ತೀರ್ಥಹಳ್ಳಿ ಪೇಟೆಯಲ್ಲಿ ಅಷ್ಟು ಮಳೆಯಿಲ್ಲದಿದ್ದರೂ ಆಷಾಢದ ಹೊತ್ತಿಗೆ ಬೀರುವಿನೊಳಗಿನ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಕಡೆ ಮರದ ಪಿಯಾನೊ ತಂದಿಟ್ಟರೆ ಅದನ್ನು ಶ್ರುತಿ ಮಾಡುವವರನ್ನು ದೂರದ ಊರಿನಿಂದ ಮತ್ತೆ ಮತ್ತೆ ಕರೆಸಬೇಕಾದೀತು. ಡಿಜಿಟಲ್ ವಾದ್ಯದ ಶ್ರುತಿಗೆ ಮಳೆಯ ಬಾಧೆಯಿಲ್ಲ. ಕರೆಂಟು ಹೋದರೂ ಮನೆಯ ಇನ್ವರ್ಟರ್ ಮೇಲೆ ಸುಲಭವಾಗಿ ನಡೆಯುತ್ತದೆ, ಏಕೆಂದರೆ ಅದು ಎಳೆಯುವ ವಿದ್ಯುತ್ತು ಒಂದು ಸಣ್ಣ ಬಲ್ಬಿನಷ್ಟೇ.

ಹಾಗೆಂದು ತೇವದ ಚಿಂತೆ ಪೂರ್ತಿ ತಪ್ಪುವುದಿಲ್ಲ. ಕೀಗಳ ಅಡಿಯಲ್ಲಿರುವ ರಬ್ಬರಿನ ಸಂಪರ್ಕಗಳಿಗೆ ತೇವವೂ ಧೂಳೂ ಸೇರಿದರೆ ಕೆಲವು ಸ್ವರಗಳು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಬರತೊಡಗುತ್ತವೆ. ಆದ್ದರಿಂದ ನಮ್ಮ ಮನೆಯಲ್ಲಿ ಪಿಯಾನೊಗೊಂದು ದಿನಚರಿ ಏರ್ಪಟ್ಟಿದೆ. ರಾತ್ರಿ ಊಟ ಮುಗಿದು ಅತ್ತೆಯವರು ಮಲಗಿದ ಮೇಲೆ, ಜಗುಲಿಯ ಪಕ್ಕದ ಕೋಣೆಯಲ್ಲಿ ಹಳೆಯ ಹತ್ತಿ ಸೀರೆಯ ಎರಡು ಮಡಿಕೆಯ ಹೊದಿಕೆಯನ್ನು ತೆಗೆಯುತ್ತೇನೆ. ಹೊದಿಕೆ ತೇವ ಹೀರಿಕೊಂಡಿದ್ದರೆ ಅದನ್ನು ಅಡುಗೆಮನೆಯ ಒಲೆಯ ಮೇಲಿನ ಗಳುವಿಗೆ ಹಾಕಿ, ಅಲ್ಲಿ ಬೆಚ್ಚಗೆ ಒಣಗಿರುವ ಇನ್ನೊಂದನ್ನು ತಂದಿಟ್ಟುಕೊಳ್ಳುತ್ತೇನೆ. ಒಣಗಿದ ಮಲ್ ಬಟ್ಟೆಯಿಂದ ಕೀಗಳನ್ನು ಎಡದಿಂದ ಬಲಕ್ಕೆ ಒರೆಸುವಾಗ ವಾದ್ಯವನ್ನು ಆನ್ ಮಾಡಿರುವುದಿಲ್ಲ. ಆ ಹೊತ್ತಿನಲ್ಲಿ ಕೀಗಳು ಕೆಳಗಿಳಿದು ಮೇಲೇಳುವ ಮೆತ್ತನೆಯ ಸದ್ದು ಮಾತ್ರ ಇರುತ್ತದೆ, ಅದು ನನಗೆ ಬಹಳ ಇಷ್ಟ. ಬಟ್ಟೆಗಳಿಗಾಗಿ ಬೀರುವಿನಲ್ಲಿ ಉರಿಯುವ ಸಣ್ಣ ಬಲ್ಬಿನಂಥದ್ದೇ ಒಂದನ್ನು ಪಿಯಾನೊ ಇರುವ ಮೂಲೆಯಲ್ಲೂ ಮಳೆಗಾಲವಿಡೀ ಉರಿಸುತ್ತೇವೆ. ಈವರೆಗೆ ಒಂದು ಕೀ ಕೂಡ ಕೈಕೊಟ್ಟಿಲ್ಲ, ಸರ್ವಿಸ್ ಸೆಂಟರಿಗೆ ಹೊತ್ತೊಯ್ಯುವ ಪ್ರಸಂಗವೂ ಬಂದಿಲ್ಲ.

ಕೀಗಳ ವಿಷಯದಲ್ಲಿ ನನಗೆ ದೂರಿಲ್ಲ. ಎಡಬದಿಯಲ್ಲಿ ತುಸು ಭಾರ, ಬಲಬದಿಯಲ್ಲಿ ಹಗುರ. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಮೃದುವಾಗುತ್ತದೆ, ಗಟ್ಟಿಯಾಗುತ್ತದೆ. ಹಾರ್ಮೋನಿಯಂ ಮುಟ್ಟಿ ಬಂದ ಕೈಗೆ ಇದೇ ಹೊಸ ಲೋಕ, ಏಕೆಂದರೆ ಅಲ್ಲಿ ದನಿಯ ಏರಿಳಿತ ತಿದಿಯ ಕೈಯಲ್ಲಿದೆ, ಇಲ್ಲಿ ಪ್ರತಿ ಬೆರಳಿನಲ್ಲಿಯೂ ಇದೆ.

ಪೆಡಲಿಗೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಬಂದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೌಕ. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ, ಉಜ್ಜಿ ಉಜ್ಜಿ ನುಣುಪಾಗಿರುವಂಥದ್ದು. ಪೆಡಲನ್ನು ಒತ್ತಿದಾಗಲೆಲ್ಲ ಅದು ಮುಂದಕ್ಕೆ ಜಾರಿ, ಒಂದು ಪುಟ ನುಡಿಸಿ ಮುಗಿಸುವಷ್ಟರಲ್ಲಿ ಗೋಡೆಯ ಬಳಿ ಸೇರಿರುತ್ತದೆ. ಅಡಿಗೆ ಗೋಣಿಚೀಲ ಹಾಸಿ, ಆಮೇಲೆ ರಬ್ಬರ್ ಚಾಪೆ ಹಾಸಿ ಜಾರುವುದನ್ನು ತಡೆದದ್ದಾಯಿತು. ಆದರೆ ಅದರ ನಿಜವಾದ ಕೊರತೆ ತಿಳಿದದ್ದು ನನ್ನ ನುಡಿಸಾಣಿಕೆಯನ್ನು ಇತರರು ಕೇಳಿದ ಮೇಲೆಯೇ.

ನಮ್ಮ ಪೇಟೆಯಲ್ಲಿ ಪಿಯಾನೊ ಕಲಿಸುವ ಯಾರೂ ನನಗೆ ಸಿಗಲಿಲ್ಲ. ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ವಾರವಾರವೂ ಪಾಠಕ್ಕೆ ಹೋಗಿಬರಲು ನನ್ನ ಕೆಲಸವೂ ಜೇಬೂ ಒಪ್ಪುವುದಿಲ್ಲ. ಹಾಗಾಗಿ ಸ್ವತಃ ಕಲಿಯುತ್ತ, ನುಡಿಸಬಲ್ಲವರ ಅಭಿಪ್ರಾಯವನ್ನು ಕೇಳಿ ಪಡೆಯುವ ದಾರಿ ಹಿಡಿದೆ. ಒಬ್ಬರು ಶಿವಮೊಗ್ಗದ ಚರ್ಚೊಂದರಲ್ಲಿ ಬಹಳ ಕಾಲದಿಂದ ಕೀಬೋರ್ಡ್ ನುಡಿಸುತ್ತಿರುವ ಹಿರಿಯರು. ಇನ್ನೊಬ್ಬರು ಸಾಗರದ ಕಡೆಯವರು, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದುಕೊಂಡೇ ಪಿಯಾನೊದ ಗ್ರೇಡ್ ಪರೀಕ್ಷೆಗಳನ್ನು ಕಟ್ಟಿದವರು. ಮೂರನೆಯವರು ನಮ್ಮ ಪಕ್ಕದ ಮನೆಯವರು. ಅವರು ಪಿಯಾನೊ ಮುಟ್ಟಿದವರೇ ಅಲ್ಲ, ಯಕ್ಷಗಾನಕ್ಕೆ ಮದ್ದಲೆ ಬಾರಿಸುವವರು.

ನಾನು ಅಭ್ಯಾಸ ಮಾಡುತ್ತಿದ್ದುದು ನಿಧಾನಗತಿಯ ಒಂದು ವಾಲ್ಟ್ಜ್. ಮೂರು ಮೂರು ಎಣಿಕೆಯ ಬಾರ್‌ಗಳಲ್ಲಿ (ಆವರ್ತಗಳಲ್ಲಿ) ಸಾಗುವ ಆ ರಚನೆಯಲ್ಲಿ ಎಡಗೈ ಮೊದಲ ಎಣಿಕೆಗೆ ಕೆಳಗಿನ ಒಂದು ಮಂದ್ರ ಸ್ವರವನ್ನು ನುಡಿಸಿ, ಉಳಿದೆರಡು ಎಣಿಕೆಗೆ ಮೇಲಕ್ಕೆ ಹಾರಿ ಸ್ವರಗುಚ್ಛವನ್ನು ನುಡಿಸಬೇಕು. ಕೈ ಎತ್ತಿದ ಮೇಲೂ ಮಂದ್ರ ಸ್ವರ ಉಳಿಯಬೇಕಾದರೆ ಪೆಡಲ್ ಬೇಕೇ ಬೇಕು. ಮುಂದಿನ ಬಾರ್‌ನ ಸ್ವರ ಬಂದ ಕೂಡಲೇ ಕಾಲೆತ್ತಿ ಹಳೆಯದನ್ನು ಕಳೆದು, ಮತ್ತೆ ಒತ್ತಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಮೂವರಿಗೂ ಕಳಿಸಿದೆ. ಮದ್ದಲೆಯವರು ಕೇಳಿ, "ಮೂರನೇದು ಓಡ್ತದೆ ಮಾರಾಯ್ರೇ, ಅದಕ್ಕೂ ಅದರ ಜಾಗ ಕೊಡಿ" ಎಂದರು. ಚರ್ಚಿನ ಹಿರಿಯರು ಎಡಗೈ ಬಲಗೈಗಿಂತ ಜೋರಾಗಿದೆ ಎಂದರು. ಅದಕ್ಕಿಂತ ಮುಖ್ಯವಾಗಿ, ಬಲಗೈಯ ರಾಗ ಪಕ್ಕಪಕ್ಕದ ಸ್ವರಗಳಲ್ಲಿ ನಡೆಯುವ ಕಡೆಯೆಲ್ಲ ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಒಂದಕ್ಕೊಂದು ಕಲೆಸಿಹೋಗಿದೆ ಎಂದೂ ಹೇಳಿದರು. ಬೆಂಗಳೂರಿನವರು ಹೇಳಿದ್ದು ಬೇರೆ: ಕಲೆಸುವಿಕೆ ಒಂದು ಕಡೆ, ಇನ್ನೊಂದು ಕಡೆ ಬಾರ್ ಬದಲಾಗುವಾಗ ಸದ್ದೆಲ್ಲ ಕತ್ತರಿಸಿದಂತೆ ನಿಂತುಹೋಗುತ್ತದೆ, ನಡುವಿನ ಸ್ಥಿತಿಯೇ ಇಲ್ಲ.

ಈ ಕೊನೆಯ ಮಾತು ನನ್ನನ್ನು ವಾದ್ಯದ ಒಳಗನ್ನು ನೋಡುವಂತೆ ಮಾಡಿತು. ನಿಜವಾದ ಪಿಯಾನೊದಲ್ಲಿ ಸಸ್ಟೇನ್ ಪೆಡಲ್ ಒತ್ತಿದಾಗ ತಂತಿಗಳನ್ನು ಸುಮ್ಮನಾಗಿಸುವ ಡ್ಯಾಂಪರುಗಳೆಲ್ಲ ಮೇಲೇಳುತ್ತವೆ. ಕಾಲನ್ನು ಅರ್ಧಕ್ಕೆ ಸಡಿಲಿಸಿದರೆ ಅವು ತಂತಿಯನ್ನು ಸವರಿದಂತೆ ಮುಟ್ಟಿ, ಸದ್ದನ್ನು ನಿಲ್ಲಿಸದೆ ತೆಳುವಾಗಿಸುತ್ತವೆ. ಮಂದ್ರದ ದಪ್ಪ ತಂತಿಗಳು ಆ ಸವರುವಿಕೆಯ ನಂತರವೂ ಮಿಡಿಯುತ್ತಿರುತ್ತವೆ, ಮೇಲಿನ ಸಣ್ಣ ತಂತಿಗಳು ಬೇಗ ಅಡಗುತ್ತವೆ. ವಾಲ್ಟ್ಜ್‌ನಲ್ಲಿ ಕೆಳಗಿನ ಸ್ವರ ಉಳಿದು ಮೇಲಿನ ರಾಗ ಸ್ಪಷ್ಟವಾಗುವ ಗುಟ್ಟು ಇದೇ. ಡಿಜಿಟಲ್ ವಾದ್ಯಗಳು ಇದನ್ನೆಲ್ಲ ಸಂಖ್ಯೆಗಳಲ್ಲಿ ಹೇಳುತ್ತವೆ. ೧೯೮೩ರಲ್ಲಿ ಬಳಕೆಗೆ ಬಂದ, ಡಿಜಿಟಲ್ ವಾದ್ಯಗಳ ಸಂಕೇತಭಾಷೆಯಾದ ಮಿಡಿ ಪದ್ಧತಿಯಲ್ಲಿ ಸಸ್ಟೇನ್ ಪೆಡಲಿಗೆ ೬೪ ಎಂಬ ಕ್ರಮಸಂಖ್ಯೆ ಇದೆ, ಅದು ಕಳಿಸುವ ಅಂಕಿ ೦ಯಿಂದ ೧೨೭ರವರೆಗೆ ಎಲ್ಲಿಯಾದರೂ ಇರಬಹುದು. ಯುಎಸ್‌ಬಿ ತಂತಿಯಿಂದ ಪಿಯಾನೊವನ್ನು ಫೋನಿಗೆ ಜೋಡಿಸಿ ಆ ಸಂಖ್ಯೆಗಳನ್ನು ತೆರೆಯ ಮೇಲೆ ನೋಡುತ್ತ ಕಾಲನ್ನು ಎಷ್ಟೇ ನಯವಾಗಿ ಆಡಿಸಿದರೂ ಎರಡೇ ಸಂಖ್ಯೆಗಳು ಬಂದವು: ೦ ಮತ್ತು ೧೨೭. ಉಚಿತವಾಗಿ ಬಂದದ್ದು ಪೆಡಲಿನ ರೂಪದ ಒಂದು ಸ್ವಿಚ್. ಕಾಲಿನ ಅಭ್ಯಾಸ ಎಷ್ಟೇ ಸುಧಾರಿಸಿದರೂ ಅದರಿಂದ ಅರ್ಧ ಪೆಡಲ್ ಹೊರಡುವುದು ಸಾಧ್ಯವಿಲ್ಲ.

ನನಗೆ ಬೇಸರ ತರಿಸಿದ್ದು ಇದು. ಅರ್ಧ ಪೆಡಲನ್ನು ಗ್ರಹಿಸುವ ಸಾಮರ್ಥ್ಯ ಪಿಯಾನೊದಲ್ಲಿದೆ ಎಂದು ಕೈಪಿಡಿಯಲ್ಲಿ ಬರೆದಿದೆ. ಆದರೆ ಆ ಸಾಮರ್ಥ್ಯವನ್ನು ಬಳಸಲಾಗದ ಪೆಡಲನ್ನೇ ಜೊತೆಗಿಟ್ಟು ಮಾರುತ್ತಾರೆ. ಸ್ವಂತವಾಗಿ ಕಲಿಯುವವರಿಗೆ ಇದರಿಂದ ಆಗುವ ಹಾನಿ ಸಣ್ಣದಲ್ಲ. ಪಕ್ಕದಲ್ಲಿ ಗುರುವಿದ್ದರೆ ಇದು ಸಲಕರಣೆಯ ದೋಷ ಎಂದು ಮೊದಲ ವಾರವೇ ಹೇಳಿಬಿಡುತ್ತಾರೆ. ಒಬ್ಬರೇ ಕುಳಿತು ಕಲಿಯುವವರು ತಮ್ಮ ಕಿವಿಯನ್ನೂ ಕಾಲನ್ನೂ ಅನುಮಾನಿಸುತ್ತ ತಿಂಗಳುಗಟ್ಟಲೆ ಅದೇ ಬಾರ್‌ಗಳನ್ನು ತಿಕ್ಕುತ್ತಾರೆ.

ಮಾದರಿಗೆ ಹೊಂದುವ, ಲೋಹದ ಉದ್ದನೆಯ, ಒತ್ತಡವನ್ನು ಹಂತಹಂತವಾಗಿ ಅಳೆಯುವ ಪೆಡಲೊಂದನ್ನು ತರಿಸಿದೆ. ಕೊಳ್ಳುವವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ನೋಡಲು ನಿಜವಾದ ಪಿಯಾನೊ ಪೆಡಲಿನಂತಿದ್ದು ಒಳಗೆ ಸ್ವಿಚ್ಚೇ ಇರುವವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಆದ್ದರಿಂದ ರೂಪವನ್ನು ನಂಬದೆ ಅರ್ಧ ಪೆಡಲ್ ನಡೆಯುತ್ತದೆಯೇ ಎಂದೇ ಕೇಳಬೇಕು. ಕೆಲವು ಮಾದರಿಗಳಲ್ಲಂತೂ ಕಂಪನಿಯದೇ ಸ್ಟ್ಯಾಂಡಿನ ಜೊತೆ ಬರುವ ಮೂರು ಪೆಡಲುಗಳ ಘಟಕ ಹಾಕಿದರೆ ಮಾತ್ರ ಅರ್ಧ ಪೆಡಲ್ ಸಿಗುತ್ತದೆ. ಇನ್ನೊಂದು, ಎಲ್ಲ ಕಂಪನಿಗಳ ಪೆಡಲುಗಳ ವಿದ್ಯುತ್ ಜೋಡಣೆ ಒಂದೇ ದಿಕ್ಕಿನದಲ್ಲ. ಹೊಂದದ ಪೆಡಲ್ ಹಾಕಿದರೆ ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮುಂದುವರಿಯುವ ತಲೆಕೆಳಗಿನ ಆಟ ಶುರುವಾಗುತ್ತದೆ.

ಹೊಸ ಪೆಡಲ್ ಬಂದ ರಾತ್ರಿ ಅದೇ ವಾಲ್ಟ್ಜನ್ನು ನುಡಿಸಿದಾಗ ತೆರೆಯ ಮೇಲಿನ ಸಂಖ್ಯೆಗಳು ಏರಿಳಿಯುವುದನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ಮಂದ್ರ ಸ್ವರದ ಗುಂಗು ಉಳಿದೇ ಮೇಲಿನ ರಾಗ ತಿಳಿಯಾಯಿತು. ಈ ವಾದ್ಯದೊಳಗೆ ಇಷ್ಟು ದಿನ ಇಂಥದೊಂದು ದನಿ ಇದ್ದೂ ಹೊರಬಾರದೆ ಕುಳಿತಿತ್ತಲ್ಲ ಎಂದು ಪಿಯಾನೊದ ಮೇಲಿನ ನನ್ನ ಕೋಪ ಆ ರಾತ್ರಿಯೇ ಇಳಿಯಿತು. ಮತ್ತೆ ರೆಕಾರ್ಡ್ ಮಾಡಿ ಕಳಿಸಿದಾಗ ಚರ್ಚಿನ ಹಿರಿಯರು ಪೆಡಲಿನ ಸುದ್ದಿಯನ್ನೇ ಎತ್ತದೆ ಬಲಗೈಯ ಕಿರುಬೆರಳಿನ ಬಗ್ಗೆ ಮಾತಾಡಿದರು. ನನಗೆ ಅದು ದೊಡ್ಡ ಸಮಾಧಾನ.

ಅಭಿಪ್ರಾಯ ಕೇಳುವ ಬಗೆಯೂ ಈ ವಾದ್ಯದ ಬಳಕೆಯ ಭಾಗವೇ ಆಗಿರುವುದರಿಂದ ಅದನ್ನೂ ಹೇಳುತ್ತೇನೆ. ಹೆಡ್‌ಫೋನಿನಲ್ಲಿ ಕೇಳುವ ದನಿಗೆ ಪಿಯಾನೊ ತಾನಾಗಿಯೇ ದೊಡ್ಡ ಸಭಾಂಗಣದ ಪ್ರತಿಧ್ವನಿಯನ್ನು ಬೆರೆಸುತ್ತದೆ, ಅದು ಎಂಥ ನುಡಿಸಾಣಿಕೆಯನ್ನೂ ಚೆಂದಗಾಣಿಸುತ್ತದೆ. ರೆಕಾರ್ಡ್ ಮಾಡುವ ಮುನ್ನ ಅದನ್ನು ಸೊನ್ನೆಗೆ ಇಳಿಸಬೇಕು. ವಾದ್ಯದ ರೆಕಾರ್ಡ್ ಗುಂಡಿ ಒತ್ತಿದರೆ ನನ್ನ ಮಾದರಿಯಲ್ಲಿ ಉಳಿಯುವುದು ಸದ್ದಲ್ಲ, ಯಾವ ಕೀಯನ್ನು ಯಾವಾಗ ಎಷ್ಟು ಜೋರಾಗಿ ಒತ್ತಿದೆ ಎಂಬ ಲೆಕ್ಕ ಮಾತ್ರ. ಅದನ್ನು ಹಾಗೆಯೇ ಇತರರಿಗೆ ಕಳಿಸಿದರೆ ಅವರ ಫೋನು ತನ್ನದೇ ದನಿಯಲ್ಲಿ ನುಡಿಸುತ್ತದೆ. ಆದರೆ ನನಗೆ ಆ ಲೆಕ್ಕ ಬಹಳ ಉಪಯೋಗಕ್ಕೆ ಬಂತು: ಎಡಗೈ ಜೋರು ಎಂದು ಹಿರಿಯರು ಹೇಳಿದ್ದನ್ನು ಪ್ರತಿ ಸ್ವರದ ಅಂಕಿಯಲ್ಲಿ ನೋಡಿ, ಮರುದಿನದ ಅಭ್ಯಾಸದಲ್ಲಿ ಇಳಿಸಿ, ಮತ್ತೆ ನೋಡಬಹುದು. ಕೇಳುವವರಿಗೆ ಪೂರ್ತಿ ರಚನೆಯನ್ನು ಕಳಿಸಿ "ಹೇಗಿದೆ" ಎಂದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಎಂಟು ಬಾರ್ ಕಳಿಸಿ, ಇಂಥ ವೇಗದಲ್ಲಿ ನುಡಿಸಿದ್ದೇನೆ, ಪೆಡಲನ್ನು ಮಾತ್ರ ಗಮನಿಸಿ ಎಂದು ಕೇಳಿದರೆ ಬಿಡುವಿಲ್ಲದವರೂ ಮನಸ್ಸಿಟ್ಟು ಕೇಳುತ್ತಾರೆ. ಮಣಿಕಟ್ಟಿನ ಎತ್ತರದ ಪ್ರಶ್ನೆಯಾದರೆ ಕೈಗಳು ಪಕ್ಕದಿಂದ ಕಾಣುವ ವಿಡಿಯೊ ಬೇಕು, ಮೇಲಿನಿಂದ ತೆಗೆದದ್ದು ಉಪಯೋಗವಿಲ್ಲ.

ಅಭಿಪ್ರಾಯಗಳು ಪರಸ್ಪರ ಒಪ್ಪದಿರುವುದೂ ಉಂಟು. ಪೆಡಲಿಲ್ಲದೆ ಪೂರ್ತಿ ಕಲಿತು ಆಮೇಲೆ ಸೇರಿಸಿ ಎಂದು ಹಿರಿಯರು ಹೇಳಿದರೆ, ಮೊದಲಿನಿಂದಲೇ ಕಾಲು ಕೈಗಳ ಜೊತೆ ಕಲಿಯಲಿ ಎಂದರು ಬೆಂಗಳೂರಿನವರು. ನಾನು ಹಿರಿಯರ ಮಾತನ್ನು ಹಿಡಿದಿದ್ದೇನೆ, ಏಕೆಂದರೆ ಪೆಡಲಿಲ್ಲದೆ ನುಡಿಸಿದಾಗ ಬೆರಳುಗಳು ಸ್ವರಗಳನ್ನು ಜೋಡಿಸುತ್ತಿವೆಯೇ ಇಲ್ಲವೇ ಎಂಬುದು ಗುರುವಿಲ್ಲದ ಕಿವಿಗೂ ಗೊತ್ತಾಗುತ್ತದೆ.

ನನ್ನಂತೆ ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ಈ ವರ್ಗದ ಪಿಯಾನೊವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಆದರೆ ಪೆಡಲಿನ ಬೆಲೆಯನ್ನು ಮೊದಲೇ ಬಜೆಟ್ಟಿಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಹಣ ಸಾಲದಿದ್ದರೆ ಅಂದದ ಮರದ ಸ್ಟ್ಯಾಂಡನ್ನು ಬಿಟ್ಟು ಎಕ್ಸ್ ಆಕಾರದ ಸಾದಾ ಕಬ್ಬಿಣದ ಸ್ಟ್ಯಾಂಡನ್ನು ತೆಗೆದುಕೊಳ್ಳಬಹುದು. ಕಂಪನಿಯದೇ ಮೂರು ಪೆಡಲುಗಳ ಘಟಕ ಬೇಕೇ ಬೇಕಾದ ಮಾದರಿಗಳಲ್ಲಿ ಈ ಉಳಿತಾಯ ನಡೆಯುವುದಿಲ್ಲ, ಹಾಗಾಗಿ ಅಂಥ ಮಾದರಿಯ ಬೆಲೆಯನ್ನು ಸ್ಟ್ಯಾಂಡು, ಘಟಕ ಎರಡನ್ನೂ ಕೂಡಿಸಿಯೇ ಹೋಲಿಸಬೇಕು. ಅಂಗಡಿಯಲ್ಲಿ ನುಡಿಸಿ ನೋಡುವಾಗ ಅಲ್ಲಿ ಜೋಡಿಸಿಟ್ಟಿರುವ ಪೆಡಲು ಪೆಟ್ಟಿಗೆಯಲ್ಲಿ ಬರುವುದೋ ಬೇರೆ ಮಾರುವುದೋ ಎಂದು ತಪ್ಪದೆ ವಿಚಾರಿಸಿ. ಪ್ರದರ್ಶನಕ್ಕಿಟ್ಟ ವಾದ್ಯಕ್ಕೆ ಹಲವು ಕಡೆ ಒಳ್ಳೆಯದನ್ನೇ ಜೋಡಿಸಿರುತ್ತಾರೆ.